ಆವಿಯೊಳಗಿನ ಕೈ

ನವೆಂಬರ್ ೧೭, ಭಾನುವಾರ

ಅಪ್ಪನ ಬಾಲವೇ,

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಬರೆಯಲು ಮನಸ್ಸಿರಲಿಲ್ಲ ಅಂತಲ್ಲ. ಕೂತಾಗೆಲ್ಲ ಮೊದಲ ಸಾಲಿನಲ್ಲೇ ಬೈಗುಳ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳುವ ತಂಗಿಗೆ ಬಸ್ ಡಿಪೋದ ಭಾಷೆಯಲ್ಲಿ ಕಾಗದ ಬರೆದರೆ ಏನು ಚೆಂದ? ಈ ಹೊತ್ತು ನನಗೆ ರಜೆ. ಮಕ್ಕಳು ಅವರಪ್ಪನ ಜೊತೆ ಈಜಲು ಹೋಗಿದ್ದಾರೆ, ಮನೆ ಬಿಕೋ ಎನ್ನುತ್ತಿದೆ. ಬೈಗುಳ ಬಂದರೆ ಬರಲಿ, ಇದನ್ನು ಹರಿಯುವುದಿಲ್ಲ ಅಂತ ತೀರ್ಮಾನ ಮಾಡಿಯೇ ಕೂತಿದ್ದೇನೆ.

ಚಿಕ್ಕವಳಿದ್ದಾಗ ಅಪ್ಪನ ಕೋಟಿನ ಚುಂಗು ಹಿಡಿದುಕೊಂಡು ಅವರು ಹೋದ ಸಭೆಗೆಲ್ಲ ಹೋಗುತ್ತಿದ್ದವಳು ನೀನು. ಅದಕ್ಕೇ ನಿನಗೆ ಬಾಲ ಅಂತ ಹೆಸರು ಬಿತ್ತು. ಈಗ ಆ ಬಾಲ ಕಾಗದ ಬರೆದು ಕೇಳುತ್ತಿದೆ: ‘ಅಪ್ಪನ ಪುಸ್ತಕ ಬಿಡುಗಡೆಯ ಸಂಜೆ ಹೇಗಿತ್ತು, ಒಂದೂ ಬಿಡದೆ ಬರೆ, ಪತ್ರಿಕೆಗೆ ಲೇಖನ ಕಳಿಸಬೇಕು, ಅಪ್ಪನೇ ಹೇಳಿದ್ದಾರೆ.’ ಸರಿ ತಾಯಿ, ಒಂದೂ ಬಿಡುವುದಿಲ್ಲ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಲೇಖನದಲ್ಲಿ ಅದಕ್ಕೂ ಜಾಗ ಮಾಡು.

ಮೊದಲು ಅಮ್ಮನ ವಿಷಯ. ನಿನ್ನ ಕಾಗದದಲ್ಲಿ ಅವಳ ಬಗ್ಗೆ ಕೊನೆಯಲ್ಲಿ ಒಂದು ಸಾಲು ಇತ್ತು, ‘ಅಮ್ಮನಿಗೂ ಹೇಳು’ ಅಂತ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಕೆಮ್ಮು ಜಾಸ್ತಿಯಾಯಿತು. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ಡಾಕ್ಟರ ಹತ್ತಿರ ನಾನೇ ಎಳೆದುಕೊಂಡು ಹೋದೆ, ಅಪ್ಪನೂ ಜೊತೆಗಿದ್ದರು. ಡಾಕ್ಟರಮ್ಮ ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಸುತ್ತಿಬಳಸದೆ ಹೇಳಿದರು: ಆ ನೆಲಮಾಳಿಗೆಯ ಆವಿ, ಸೋಪಿನ ಪುಡಿ, ತೇವದ ಗೋಡೆ ಇವೇ ಇವರ ಶ್ವಾಸಕೋಶ ತಿನ್ನುತ್ತಿರುವುದು. ಇನ್ನು ಕೆಳಗೆ ಇಳಿಯಕೂಡದು. ಬಿಸಿಲು ಬೀಳುವ ಒಣಗಿದ ಕೋಣೆಯಲ್ಲಿ ಮಲಗಬೇಕು. ಇಳಿದರೆ ಮುಂದಿನ ಚಳಿಗಾಲದ ಬಗ್ಗೆ ನಾನು ಏನೂ ಹೇಳಲಾರೆ ಅಂದರು. ಅಪ್ಪ ತಲೆ ಆಡಿಸಿದರು. ಎಷ್ಟು ಗಂಭೀರವಾಗಿ ಆಡಿಸಿದರೆಂದರೆ ಡಾಕ್ಟರಮ್ಮನಿಗೇ ಪಾಪ ಅನ್ನಿಸಿರಬೇಕು.

ಆ ಲಾಂಡ್ರಿ ಯಾಕೆ ಶುರುವಾಯಿತು ಅಂತ ನಿನ್ನ ಓದುಗರಿಗೆ ಹೇಳುತ್ತೀಯೋ ಇಲ್ಲವೋ. ಅಪ್ಪ ಹಳೆಯ ಕವಿಯೊಬ್ಬನ ಆ ಕವಿತೆಯ ಮೇಲೆ ದೊಡ್ಡ ಪುಸ್ತಕ ಬರೆಯಬೇಕು ಅಂತ ಮೇಷ್ಟರ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಗ ನೀನು ಇನ್ನೂ ಹಾಲುಹಲ್ಲಿನವಳು. ಅಮ್ಮ ಕಟ್ಟಡದ ನೆಲಮಾಳಿಗೆ ಬಾಡಿಗೆಗೆ ಹಿಡಿದು ಹೋಟೆಲುಗಳ ಚಾದರ, ದಿಂಬಿನ ಚೀಲ ಒಗೆದು ಇಸ್ತ್ರಿ ಮಾಡಲು ಕೂತಳು. ಕೂತಳು ಅಂತ ಬಾಯಿಮಾತಿಗೆ ಅಂದೆ, ನಿಂತಳು. ಅಂದಿನಿಂದ ನಿಂತೇ ಇದ್ದಾಳೆ. ಅಲ್ಲಿ ಒಂದೇ ಕಿಟಕಿ, ಅದೂ ಸೂರಿನ ಹತ್ತಿರ, ಬೀದಿಯ ಮಟ್ಟಕ್ಕೆ, ಕಬ್ಬಿಣದ ಜಾಲರಿ ಹಾಕಿದ್ದು. ಅದರಲ್ಲಿ ಹೋಗಿಬರುವವರ ಚಪ್ಪಲಿ, ಬೂಟು ಮಾತ್ರ ಕಾಣುತ್ತವೆ. ಅಪ್ಪ ಒಂದು ದಿನವೂ ಅಲ್ಲಿಗೆ ಇಳಿದವರಲ್ಲ. ಆವಿ ಕುಡಿದರೆ ಗಂಟಲು ಕಟ್ಟುತ್ತದೆ, ಗಂಟಲು ಕಟ್ಟಿದರೆ ಕವಿತೆ ಓದುವುದು ಹೇಗೆ? ಏನಾದರೂ ಬೇಕಾದರೆ ಮೆಟ್ಟಿಲ ತುದಿಯಲ್ಲಿ ನಿಂತು ಮೂಗಿಗೆ ಕರವಸ್ತ್ರ ಹಿಡಿದು ಕೂಗುತ್ತಿದ್ದರು. ಅವರ ಗಂಟಲು ನನಗೆ ಬಂದಿದೆ, ನಾನು ಡಿಪೋದ ಮೈಕಿನಲ್ಲಿ ಬಸ್ಸು ಕೂಗಿ ಅದನ್ನು ಹಾಳು ಮಾಡುತ್ತಿದ್ದೇನೆ ಅಂತ ಅವರಿಗೆ ಇವತ್ತಿಗೂ ಬೇಜಾರು.

ಇರುವ ಎರಡು ಕೋಣೆಯಲ್ಲಿ ಬಿಸಿಲು ಬೀಳುವುದು ಅಪ್ಪನ ಓದುವ ಕೋಣೆಗೆ. ಅದನ್ನು ಅಮ್ಮನಿಗೆ ಬಿಟ್ಟುಕೊಡಿ, ಲಾಂಡ್ರಿ ಮುಚ್ಚಿಬಿಡೋಣ, ಮನೆ ನಾನೂ ನನ್ನ ಗಂಡನೂ ನೋಡಿಕೊಳ್ಳುತ್ತೇವೆ ಅಂದೆ. ಅಪ್ಪ ಇಲ್ಲವೆನ್ನಲಿಲ್ಲ. ಅವರು ಯಾವತ್ತು ಇಲ್ಲವೆಂದಿದ್ದಾರೆ? ‘ಪುಸ್ತಕ ಒಂದು ಬಿಡುಗಡೆ ಆಗ್ಬಿಡ್ಲಿ’ ಅಂದರು. ನಾನೂ ನಂಬಿದೆ.

ಇನ್ನು ನಿನ್ನ ಆ ಕವಿತೆ. ನಿನಗೆ ಬಾಯಿಪಾಠ, ನನಗೂ ಅಷ್ಟೇ. ಬೇರೆ ಮನೆಯ ಮಕ್ಕಳು ಜೋಗುಳ ಕೇಳಿದರು, ನಾವು ಇದನ್ನು ಕೇಳಿದೆವು. ಹಳೆಯ ಕಾಲದ ರೊಮ್ಯಾಂಟಿಕ್ ಕವಿ ತನ್ನ ಬೆಟ್ಟ ಬಿಟ್ಟು ನಗರಕ್ಕೆ ಬರುತ್ತಾನೆ. ಚಳಿಗಾಲದ ಒಂದು ಸಂಜೆ ಬೀದಿ ಬೀದಿ ಅಲೆಯುತ್ತಾನೆ. ರೊಟ್ಟಿ ಹೊರುವವನ ಬೆನ್ನಿಗೆ ರೊಟ್ಟಿಯ ಬಿಸಿ ತಾಗುತ್ತಿದೆ, ಹೊಟ್ಟೆ ಖಾಲಿ. ಬೀದಿದೀಪ ಹಚ್ಚುವವನ ಮನೆಯಲ್ಲಿ ಕತ್ತಲು. ಆಮೇಲೆ ಕವಿ ಒಂದು ಜಾಲರಿಯ ಮುಂದೆ ನಿಲ್ಲುತ್ತಾನೆ, ಕೆಳಗೆ ಇಸ್ತ್ರಿ ಮಾಡುವ ಹೆಂಗಸಿನ ಕೈ ಕಾಣುತ್ತದೆ.

‘ಬಿಳಿಯ ಆವಿಯಲೊಂದು ಕೈ ಬಂದು ಮರೆಯಾಯ್ತು,
ನಗರವೇ, ಅದು ನಿನ್ನ ಉಸಿರು.’

ಈ ಸಾಲಿಗೆ ಬಂದಾಗಲೆಲ್ಲ ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ನಾಟಕ ಅಂತ ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆ ಕಣ್ಣೀರು ನಿಜ. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೇ. ನಾಟಕವಾಗಿದ್ದರೆ ಒಂದು ಸಲ ಬೈದು ಸುಮ್ಮನಾಗಬಹುದಿತ್ತು.

ಸಾಹಿತ್ಯ ಸಂಘದ ಕಾರ್ಯದರ್ಶಿ ನಿನಗೆ ಗೊತ್ತಲ್ಲ, ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಳ್ಳುವ ಮಹಾನುಭಾವ. ಅವನ ತಲೆಗೆ ಹೊಳೆಯಿತು ಈ ಐಡಿಯಾ. ಒಂದು ಮಧ್ಯಾಹ್ನ ಅಪ್ಪನ ಜೊತೆ ಕಾಫಿ ಕುಡಿಯುತ್ತಾ ಕೂತವನು, ಕೆಳಗಿನಿಂದ ಆವಿ ಬೀದಿಗೆ ಬರುವುದನ್ನು ನೋಡಿ ಕಪ್ಪು ಕೆಳಗಿಟ್ಟನಂತೆ. ಸಭಾಂಗಣ ಯಾಕೆ, ಇಲ್ಲೇ ಬೀದಿಯಲ್ಲಿ ಕುರ್ಚಿ ಹಾಕಿಸೋಣ, ನೀವು ಜಾಲರಿಯ ಪಕ್ಕ ನಿಂತು ಓದಿ, ಕೆಳಗೆ ನಿಜವಾಗಿ ಇಸ್ತ್ರಿ ನಡೆಯಲಿ, ಜನ ಕವಿತೆಯನ್ನು ಕಣ್ಣಾರೆ ನೋಡಲಿ ಅಂದನಂತೆ. ಇಷ್ಟು ವರ್ಷ ಆ ಜಾಲರಿ ದಾಟಿ ಓಡಾಡಿದ ಅಪ್ಪನಿಗೆ ಅವತ್ತು ರೋಮಾಂಚನವಾಯಿತಂತೆ. ಹಾಗೆಂದು ಅವರೇ ನನಗೆ ಹೇಳಿದರು, ತೋಳಿನ ಕೂದಲು ತೋರಿಸಿ.

ಇಸ್ತ್ರಿ ಯಾರು ಮಾಡಬೇಕು ಅನ್ನುವ ಪ್ರಶ್ನೆಯೇ ಏಳಲಿಲ್ಲ. ವಿಷಯ ತಿಳಿದ ತಕ್ಷಣ ಡ್ಯೂಟಿ ಬಿಟ್ಟು ಓಡಿದೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ, ಬೇಡಿಕೊಂಡೆ, ಆಮೇಲೆ ಕೂಗಾಡಿದೆ. ಅಪ್ಪ ನನ್ನ ಕೂಗಾಟ ಮುಗಿಯುವ ತನಕ ಕಣ್ಣು ಮುಚ್ಚಿ ಕಾದರು.

‘ಒಂದು ಸಂಜೆ ಕಣಮ್ಮ’ ಅಂದರು. ‘ಬೇರೆ ಯಾರನ್ನಾದ್ರೂ ನಿಲ್ಲಿಸಿದ್ರೆ ಅದು ಸುಳ್ಳಾಗುತ್ತೆ. ಅವಳ ಕೈಯಲ್ಲಿ ಅಷ್ಟು ವರ್ಷದ ದಣಿವಿದೆ.’

ಆ ದಣಿವು ಅವರಿಗೆ ಗೊತ್ತಿತ್ತು, ನೋಡು. ಗೊತ್ತಿರಲಿಲ್ಲ ಅಂತ ನಾನು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಹೋಗಲಿ, ಅಮ್ಮನಿಗೆ ಬುದ್ಧಿ ಹೇಳೋಣ ಅಂತ ಅಡುಗೆಮನೆಗೆ ಹೋದರೆ ಅವಳು ಮದುವೆ ಗೊತ್ತಾದವಳ ಹಾಗೆ ಓಡಾಡುತ್ತಿದ್ದಳು. ತನ್ನ ಒಳ್ಳೆಯ ಉಡುಪು ತೆಗೆದು ಮಡಿಕೆ ಬಿಚ್ಚಿ ಕುರ್ಚಿಗೆ ಹಾಕಿದ್ದಳು. ಇದು ಹಾಕ್ಕೊಳ್ಳಲಾ, ಸಾದಾದ್ದು ಹಾಕ್ಕೊಳ್ಳಲಾ ಅಂತ ನನ್ನನ್ನೇ ಕೇಳಿದಳು. ಬೈಯಲು ಹೋದವಳು ಆ ಉಡುಪಿನ ಸುಕ್ಕು ಸವರಿ ಬಂದೆ. ನಾನು, ಬಸ್ ಡಿಪೋದವಳು.

ಆ ಸಂಜೆ ಜನ ಬಂದಿದ್ದರು, ಸುಳ್ಳು ಹೇಳುವುದಿಲ್ಲ. ಬೀದಿ ತುಂಬ ಕುರ್ಚಿ, ಒಳ್ಳೊಳ್ಳೆ ಶಾಲು, ಸೆಂಟಿನ ವಾಸನೆ. ಚಳಿಯಿತ್ತು, ಮಫ್ಲರು ಎಲ್ಲರಿಗೂ ಬಿಸಿ ಟೀ ಕೊಡಿಸಿದ. ಕೆಳಗೆ ಅವನದೇ ಕಾರುಬಾರು. ಬಾಯ್ಲರನ್ನು ಪೂರ್ತಿ ಬಿಸಿ ಮಾಡಿಸಿದ. ಹಿಂದಿನ ಗೋಡೆಯಲ್ಲಿ ಆವಿ ಎಳೆದು ಹೊರಗೆ ಹಾಕುವ ಫ್ಯಾನ್ ಇದೆಯಲ್ಲ, ಅದರ ಗರಗರ ಸದ್ದಿಗೆ ಅಪ್ಪನ ದನಿ ಕೇಳುವುದಿಲ್ಲ ಅಂತ ಅದನ್ನು ನಿಲ್ಲಿಸಿದ. ಬೆಳಕು ಒಂದೇ ಕಡೆ ಬೀಳಲಿ ಅಂತ ಮೆಟ್ಟಿಲ ಬಾಗಿಲು ಮುಚ್ಚಿಸಿದ. ಇಷ್ಟೂ ನನಗೆ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಅವನ ಮಫ್ಲರಿನಲ್ಲೇ ಅವನನ್ನು ಬಾಯ್ಲರಿಗೆ ಕಟ್ಟಿಹಾಕುತ್ತಿದ್ದೆ. ಅಮ್ಮನನ್ನು ಕಿಟಕಿಯಿಂದ ಸ್ವಲ್ಪ ಹಿಂದೆ ಸರಿದು ನಿಲ್ಲಲು ಹೇಳಿದ್ದನಂತೆ, ಕವಿತೆಯಲ್ಲಿ ಬರೀ ಕೈ ಇರುವುದು, ಮುಖ ಇಲ್ಲ ಅಂತ. ಚಪ್ಪಾಳೆ ಬೀಳುವವರೆಗೆ ಕೈ ನಿಲ್ಲಿಸಬೇಡಿ ಅಂದಿದ್ದನಂತೆ. ಅವಳು ಆ ಒಳ್ಳೆಯ ಉಡುಪು ಹಾಕಿಕೊಂಡು, ತಲೆ ಬಾಚಿಕೊಂಡು, ಯಾರಿಗೂ ಕಾಣದ ಹಾಗೆ ಹಿಂದೆ ಸರಿದು ನಿಂತಿದ್ದಳು.

ಅಪ್ಪ ಚೆನ್ನಾಗಿ ಓದಿದರು. ರೊಟ್ಟಿ ಹೊರುವವನು ಬಂದ, ದೀಪ ಹಚ್ಚುವವನು ಬಂದ. ಜಾಲರಿಯಿಂದ ಆವಿ ಮೇಲೇಳುತ್ತಿತ್ತು, ಅದರೊಳಗೆ ಅಮ್ಮನ ಕೈ ಹೋಗುತ್ತಿತ್ತು, ಬರುತ್ತಿತ್ತು. ಮುಂದಿನ ಸಾಲಿನವರು ಕುತ್ತಿಗೆ ಚಾಚಿ ನೋಡುತ್ತಿದ್ದರು. ಕವಿತೆಯ ಆ ‘ಉಸಿರು’ ಸಾಲಿಗೆ ಸ್ವಲ್ಪ ಮೊದಲು ಅಮ್ಮನಿಗೆ ಕೆಮ್ಮು ಶುರುವಾಯಿತು.

ಆ ಕೆಮ್ಮು ನಿನಗೆ ಗೊತ್ತಿಲ್ಲ, ನೀನು ಈ ವರ್ಷ ಬಂದಿಲ್ಲ. ಒಳಗಿನದೆಲ್ಲ ಕಿತ್ತುಕೊಂಡು ಬರುವ ಹಾಗೆ ಬರುತ್ತದೆ, ನಡುವೆ ಉಸಿರು ಸಿಗದೆ ಕೊಕ್ ಕೊಕ್ ಅಂತ ಗಂಟಲು ಹಿಡಿಯುತ್ತದೆ. ಅಪ್ಪ ಓದು ನಿಲ್ಲಿಸಿದರು. ಈಗ ಇಳಿಯುತ್ತಾರೆ, ಈಗಲಾದರೂ ಇಳಿಯುತ್ತಾರೆ ಅಂತ ನಾನು ಹಿಂದಿನ ಸಾಲಿನಿಂದ ಎದ್ದೆ. ಅವರು ಇಳಿಯಲಿಲ್ಲ. ಸದ್ದು ಮಾಡಬೇಡಿ ಅನ್ನುವ ಹಾಗೆ ಜನರ ಕಡೆ ಕೈ ಎತ್ತಿದರು. ಜಾಲರಿಯ ಕಡೆ ಬಗ್ಗಿ, ತಲೆ ವಾರೆ ಮಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಆ ಕೆಮ್ಮನ್ನು ಪೂರ್ತಿ ಕೇಳಿದರು. ಅದು ನಿಂತ ಮೇಲೆ ಒಂದು ಗಳಿಗೆ ಬಿಟ್ಟು, ಮೆಲ್ಲಗೆ ಅಂದರು, ನಗರವೇ, ಅದು ನಿನ್ನ ಉಸಿರು.

ಯಾರೋ ಬಿಕ್ಕಿದರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು, ಎದ್ದು ನಿಂತು ತಟ್ಟಿದರು. ನಾನು ಕುರ್ಚಿಗಳ ನಡುವೆ ನುಗ್ಗುತ್ತಿದ್ದರೆ ಒಬ್ಬ ಹೆಂಗಸು ನನ್ನ ಕೈ ಹಿಡಿದು, ಸ್ವಲ್ಪ ಕೂತ್ಕೊಳ್ಳಿ, ಇನ್ನೂ ಒಂದು ಭಾಗ ಇದೆ ಅಂದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಥೂ ಅಂದೆ. ಅವಳ ಮುಖದ ಮುಂದೆಯೇ ಅಂದೆ.

ಬಾಗಿಲು ತೆಗೆದು ಇಳಿದರೆ ಬಿಸಿ ಆವಿ ಮುಖಕ್ಕೆ ಹೊಡೆಯಿತು, ಎದುರು ಏನೂ ಕಾಣಲಿಲ್ಲ. ಅಮ್ಮ ಚಾದರದ ಬುಟ್ಟಿಗೆ ಒರಗಿದ್ದಳು, ತುಟಿಯ ಬಣ್ಣ ಹೋಗಿತ್ತು. ಒಂದು ಕೈಯಲ್ಲಿ ಮೇಜು ಹಿಡಿದುಕೊಂಡಿದ್ದಳು. ಇನ್ನೊಂದು ಕೈ ಇಸ್ತ್ರಿಪೆಟ್ಟಿಗೆಯ ಮೇಲೇ ಇತ್ತು, ಹಿಂದೆ ಮುಂದೆ ಹೋಗುತ್ತಲೇ ಇತ್ತು. ಮುಗೀತಾ ಅಂತ ಕೇಳಿದಳು. ಮುಗೀತಮ್ಮ ಅಂದೆ. ಆಮೇಲೆ ಬಿಟ್ಟಳು.

ಮೇಲೆ ಕರೆದುಕೊಂಡು ಹೋಗುವಷ್ಟರಲ್ಲಿ ಅಪ್ಪ ಬಿಸಿನೀರು ಕುಡಿಯುತ್ತ ಕೂತಿದ್ದರು, ಗಂಟಲಿಗೆ. ಸುತ್ತ ಸಂಘದವರು. ಅಮ್ಮನನ್ನು ನೋಡಿ ಎದ್ದು ಬಂದರು, ಅವಳ ಎರಡೂ ಕೈ ಹಿಡಿದುಕೊಂಡರು.

‘ಆ ಕೆಮ್ಮು ಎಂಥಾ ಜಾಗದಲ್ಲಿ ಬಂತು ನೋಡು’ ಅಂದರು. ‘ಹೇಳಿ ಮಾಡಿಸಿದ ಹಾಗಿತ್ತು.’

ಇದನ್ನು ಲೇಖನದಲ್ಲಿ ಹಾಕು. ಇದೊಂದು ವಾಕ್ಯ ಹಾಕಿದರೆ ಸಾಕು, ಮಿಕ್ಕಿದ್ದೆಲ್ಲ ಬಿಟ್ಟರೂ ನಡೆಯುತ್ತದೆ. ಸಂಘದವರು ಹೌದು ಹೌದು ಅಂತ ತಲೆದೂಗಿದರು. ಅಮ್ಮ ನೆಲ ನೋಡಿಕೊಂಡು ನಿಂತಿದ್ದಳು. ನಾನು ಕೋಣೆಯ ವಿಷಯ ಎತ್ತಿದೆ, ಎಲ್ಲರ ಎದುರೇ ಎತ್ತಿದೆ, ಪುಸ್ತಕ ಬಿಡುಗಡೆ ಆಯಿತಲ್ಲ ಅಂತ. ಅಪ್ಪ ನನ್ನ ತಲೆ ಸವರಿ, ಈಗ ಹೇಗಾಗುತ್ತೆ, ನೋಡು ಎಷ್ಟು ಜನ ಮನೆಗೆ ಬರೋಕೆ ಶುರು ಮಾಡಿದಾರೆ ಅಂದರು. ದನಿಯಲ್ಲಿ ಒಂದಿಷ್ಟೂ ಒರಟಿಲ್ಲ. ಸಕ್ಕರೆಯಂಥ ಮಾತು. ಕೇಳಿ ಕೇಳಿ ನನ್ನ ಹಲ್ಲು ಹುಳುಕಾಗಿದೆ.

ಅಮ್ಮನನ್ನು ಅವತ್ತೇ ನನ್ನ ಮನೆಗೆ ಕರೆತಂದೆ. ಮಕ್ಕಳ ಕೋಣೆಯಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕ ಮಂಚ ಹಾಕಿದೆವು. ವಾರ ಕಳೆಯುವಷ್ಟರಲ್ಲಿ ಕೆಮ್ಮು ಅರ್ಧಕ್ಕೆ ಇಳಿಯಿತು. ಡಾಕ್ಟರಮ್ಮ ಬಂದು ಎದೆ ಪರೀಕ್ಷಿಸಿ, ಹೀಗೇ ಇದ್ದರೆ ಚಳಿಗಾಲ ದಾಟಿಬಿಡುತ್ತಾರೆ ಅಂದರು. ನಿನ್ನ ಭಾವ ಅವಳಿಗೆ ಇಸ್ಪೀಟಿನಲ್ಲಿ ಬೇಕಂತಲೇ ಸೋಲುತ್ತಿದ್ದರು, ಅವಳು ಅದನ್ನು ಹಿಡಿದು ನಗುತ್ತಿದ್ದಳು. ಎಷ್ಟು ದಿನವಾಗಿತ್ತೇ ಆ ನಗು ಕೇಳಿ.

ಅವಳು ಮಲಗಿದ್ದಾಗ ನಾನು ಆ ಕವಿತೆಯನ್ನು ಇನ್ನೊಮ್ಮೆ ಓದಿದೆ, ಅಪ್ಪನ ದನಿಯಿಲ್ಲದೆ. ಚೆನ್ನಾಗಿದೆ, ಒಪ್ಪುತ್ತೇನೆ. ಖಾಲಿ ಹೊಟ್ಟೆಗೆ ರೊಟ್ಟಿಯ ಬಿಸಿ ತಾಗಿಸಿದನಲ್ಲ, ಅದು ಸುಮ್ಮನೆ ಬರುವ ಸಾಲಲ್ಲ. ನಗರದ ಸಂಕಟವನ್ನು ಅವನು ನಿಜವಾಗಿ ಕಂಡಿದ್ದಾನೆ. ಆದರೆ ಕಂಡು ಏನು ಮಾಡಿದ? ಬೀದಿಯಲ್ಲಿ ಸಿಕ್ಕ ಒಬ್ಬರನ್ನೂ ಮಾತಾಡಿಸಲಿಲ್ಲ. ಇಡೀ ಕವಿತೆಯಲ್ಲಿ ಕವಿಯೊಬ್ಬನೇ ಮಾತಾಡುವುದು, ಉಳಿದವರಿಗೆಲ್ಲ ಬರೀ ನಿಟ್ಟುಸಿರು. ಒಬ್ಬರಿಗೆ ಬೆನ್ನು, ಒಬ್ಬರಿಗೆ ಕೈ, ಪೂರ್ತಿ ಮನುಷ್ಯರು ಯಾರೂ ಇಲ್ಲ. ಕೊನೆಗೆ ಬೆಟ್ಟಕ್ಕೆ ವಾಪಸ್ಸು ಹೋಗಿ ಮರಗಳ ಗಾಳಿಯಲ್ಲಿ ಆ ಹೆಂಗಸಿನ ಉಸಿರು ಕೇಳುತ್ತಾನಂತೆ. ಅಲ್ಲಯ್ಯ, ಅಷ್ಟು ದೂರ ಯಾಕೆ ಹೋದೆ, ಬಾಗಿಲು ತಟ್ಟಿದ್ದರೆ ಅಲ್ಲೇ ಕೇಳುತ್ತಿತ್ತಲ್ಲ. ಅವನನ್ನಾದರೂ ಕ್ಷಮಿಸಬಹುದು, ದಾರಿಹೋಕ, ಅವಳು ಯಾರೋ ಇವನು ಯಾರೋ. ನಮ್ಮ ಅಪ್ಪನನ್ನು ಹೇಗೆ ಕ್ಷಮಿಸಲಿ, ನೀನೇ ಹೇಳು. ನೀನು ಕ್ಲಾಸಿನಲ್ಲಿ ಇದನ್ನು ಪಾಠ ಮಾಡುವಾಗ ಹುಡುಗಿಯರ ಕಣ್ಣು ಒದ್ದೆಯಾಗುತ್ತದೆ ಅಂತ ಹೆಮ್ಮೆಯಿಂದ ಬರೆದಿದ್ದೆ. ಒದ್ದೆಯಾಗಲಿ ಬಿಡು. ಆಮೇಲೆ ಮನೆಗೆ ಹೋಗಿ ಅವರವರ ಅಮ್ಮಂದಿರ ಪಕ್ಕ ಸ್ವಲ್ಪ ಹೊತ್ತು ಕೂರಲು ಹೇಳು.

ಲೇಖನ ಬರೆಯಬೇಡ. ಬರೆದರೆ ಇದೆಲ್ಲ ಬರೆ. ಎರಡರಲ್ಲಿ ಒಂದು. ನನ್ನ ಮೇಲೆ ಕೋಪ ಬಂದರೆ ಬರಲಿ, ಅಕ್ಕನ ಮೇಲೆ ಕೋಪ ಎಷ್ಟು ದಿನ ಇರುತ್ತದೆ. ನಿನ್ನ ಮಗಳಿಗೆ ಮುತ್ತು ಕೊಡು, ಅವಳಿಗೆ ಒಳ್ಳೆಯ ಆಯಸ್ಸು, ನಿನಗೆ ಒಳ್ಳೆಯ ನಿದ್ದೆ, ನಿನ್ನ ಗಂಡನಿಗೆ ನಿನ್ನ ಜೊತೆ ಬಾಳುವಷ್ಟು ತಾಳ್ಮೆ ಸಿಗಲಿ. ಚಳಿ ಬಂದಿದೆ, ಎದೆಗೆ ಬೆಚ್ಚಗೆ ಹಾಕಿಕೊಳ್ಳಿ.

ನಿನ್ನ ಅಕ್ಕ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಅಮ್ಮ ಈಗ ನನ್ನ ಮನೆಯಲ್ಲಿಲ್ಲ. ಮೊನ್ನೆ ಮಫ್ಲರು ಬಂದಿದ್ದ. ಆ ಸಂಜೆಯನ್ನು ಇನ್ನೊಮ್ಮೆ ಮಾಡಬೇಕೆಂದು ಬೇರೆ ಸಂಘದವರು ಕೇಳಿದ್ದಾರಂತೆ, ಅಪ್ಪ ಹೇಳಿಕಳಿಸಿದ್ದರು. ಅವಳು ಬ್ಯಾಗು ತುಂಬಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತೆ, ಕಾಲು ಹಿಡಿದೆ, ಸಾಯೋಕೆ ಹೋಗ್ತಿದೀಯ ಅಂತಲೂ ಅಂದುಬಿಟ್ಟೆ. ಅವಳಿಗೆ ಕೋಪ ಬರಲಿಲ್ಲ. ‘ಇಷ್ಟು ವರ್ಷದಲ್ಲಿ ಅವತ್ತೊಂದು ದಿನ ಅವರು ಬಗ್ಗಿ ನನ್ನ ಕಡೆ ನೋಡಿದ್ರು ಕಣೇ’ ಅಂದಳು. ಮೆಟ್ಟಿಲು ಇಳಿಯುವಾಗ ಅವಳಿಗೆ ಒಂದೇ ಚಿಂತೆ. ನನ್ನ ಕೈ ಹಿಡಿದು, ಮಕ್ಕಳಿಗೆ ಕೇಳಿಸದ ಹಾಗೆ ಪಿಸುದನಿಯಲ್ಲಿ ಕೇಳಿದಳು: ‘ನಿಮ್ಮನೇಲಿ ಇದ್ದು ಕೆಮ್ಮು ಕಡಿಮೆ ಆಗ್ಬಿಟ್ಟಿದೆ. ಅವತ್ತು ಆ ಜಾಗಕ್ಕೆ ಸರಿಯಾಗಿ ಬರದೇ ಹೋದ್ರೆ ಏನು ಮಾಡ್ಲೇ?’